ಕಂಡವರ ತಟ್ಟೆ ಎತ್ತುವುದಕ್ಕೆ ಇಷ್ಟು ಓದಬೇಕಿತ್ತೇ?

ಪ್ರಶ್ನೆ: ನನಗೆ 22 ವರ್ಷ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿದ್ದೇನೆ. ಬೆಂಗಳೂರಿನ ಪಂಚತಾರಾ ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ಬಡಿಸುವ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ತಿಂಗಳಿಗೆ ಒಟ್ಟು 20,000 ರೂಪಾಯಿ ಎಂದಿದ್ದಾರೆ. ಅಪ್ಪ ಒಪ್ಪಿದ್ದಾರೆ. ಅಮ್ಮನಿಗೆ ರಾತ್ರಿ ಪಾಳಿಯ ಭಯ, ಮದ್ಯ ಕೊಡಬೇಕಾಗುತ್ತದೆ ಎಂಬ ಅಳುಕು. ಅಜ್ಜಿಯಂತೂ ‘ಕಂಡವರ ಎಂಜಲು ತಟ್ಟೆ ಎತ್ತುವುದಕ್ಕೆ ಇಷ್ಟು ಓದಿಸಬೇಕಿತ್ತೇ’ ಎಂದು ಒಂದು ಹೊತ್ತು ಊಟ ಬಿಟ್ಟರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಹದಿನೈದು ದಿನದಲ್ಲಿ ಉತ್ತರ ಹೇಳಬೇಕು. ಹೋಗಲೇ, ಬೇಡವೇ?

ಉತ್ತರ: ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ಕಾನೂನಿನಲ್ಲೋ ಲೆಕ್ಕದಲ್ಲೋ ಉತ್ತರವಿದೆ, ಇದಕ್ಕಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ದೊಡ್ಡಪ್ಪ ಹೆಚ್ಚುಕಡಿಮೆ ಇದೇ ಮಾತು ಆಡಿದ್ದರು. ಹನ್ನೆರಡು ವರ್ಷ ಬಡಿಸಿದೆ. ಆಮೇಲಿನಿಂದ ಬಡಿಸುವವರಿಗೆ ಕಲಿಸುತ್ತಿದ್ದೇನೆ. ಎಂಜಲು ಎನ್ನುವ ಒಂದು ಮಾತಿನಲ್ಲಿ ಮಡಿ, ಜಾತಿ, ಬಡತನ ಮೂರೂ ಕಲೆತಿವೆ. ಇನ್ನೊಬ್ಬರ ಎಂಜಲು ಎತ್ತಬೇಕಾಗಿ ಬಂದವರನ್ನು ಊರು ಹೇಗೆ ನಡೆಸಿಕೊಳ್ಳುತ್ತಿತ್ತು ಎಂಬುದನ್ನು ಅಜ್ಜಿ ಕಣ್ಣಾರೆ ಕಂಡಿದ್ದಾರೆ. ಮೊಮ್ಮಗಳು ಆ ಜಾಗದಲ್ಲಿ ನಿಲ್ಲುವುದು ಬೇಡ ಎನ್ನುವುದು ಅವರ ಸಂಕಟ. ಹಳೆಯ ಕಾಲದವರು, ಅವರಿಗೇನು ಗೊತ್ತು ಎಂದು ತಳ್ಳಿಹಾಕಬೇಡಿ.

ಆದರೆ ಅವರನ್ನೇ ಒಂದು ಮಾತು ಕೇಳಿ. ನಿಮ್ಮ ಮನೆಯ ಮದುವೆಗಳಲ್ಲಿ ಪಂಕ್ತಿಗೆ ಬಡಿಸಲು ಯಾರನ್ನು ಬಿಡುತ್ತಿದ್ದರು? ಬಂದವರನ್ನೆಲ್ಲ ಬಿಡುತ್ತಿರಲಿಲ್ಲ. ಬಾಳೆ ಎಲೆಯ ತುದಿ ಕೂತವರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ತಂತಮ್ಮ ಜಾಗದಲ್ಲೇ ಬೀಳಬೇಕು. ಕೈ ಅಡ್ಡ ಹಿಡಿದರೂ ಇನ್ನೊಂದು ಹೋಳಿಗೆ ಬೇಕೆನ್ನುವವರು ಯಾರು, ನಿಜವಾಗಿಯೂ ಸಾಕೆನ್ನುವವರು ಯಾರು ಎಂಬುದು ಮುಖ ನೋಡಿಯೇ ತಿಳಿಯಬೇಕು. ಸಾರಿನ ಬಕೆಟ್ಟು ಹಿಡಿದು ಬಗ್ಗಿದಾಗ ಪಕ್ಕದವರ ರೇಷ್ಮೆ ಪಂಚೆಗೆ ಒಂದು ಹನಿಯೂ ಸಿಡಿಯಬಾರದು. ಮನೆಯವರಲ್ಲೇ ಕೈ ಪಳಗಿದವರು ಸೆರಗು ಸಿಕ್ಕಿಸಿಕೊಂಡು ಅದಕ್ಕೆ ನಿಲ್ಲುತ್ತಿದ್ದರು, ಅದರಲ್ಲಿ ಅವರಿಗೊಂದು ಹೆಮ್ಮೆಯೂ ಇರುತ್ತಿತ್ತು. ಹುಬ್ಬಳ್ಳಿ–ಧಾರವಾಡದ ಕಡೆಯ ಖಾನಾವಳಿಗಳಲ್ಲಿ ಇಂದಿಗೂ ಹೆಣ್ಣುಮಕ್ಕಳೇ ರೊಟ್ಟಿ ಬಡಿದು, ತಟ್ಟೆಗೆ ಬಿಸಿಬಿಸಿಯಾಗಿ ತಂದು ಹಾಕುವುದನ್ನು ಕಾಣಬಹುದು. ನೀವು ಬೆಂಗಳೂರಿನಲ್ಲಿ ಮಾಡಲಿರುವುದು ಇದೇ ವಿದ್ಯೆಯನ್ನು. ಕಟ್ಟಳೆ ಬೇರೆ, ಪಾತ್ರೆ ಬೇರೆ, ದುಡ್ಡು ಬೇರೆ.

ಇನ್ನು ತಟ್ಟೆ ಎತ್ತುವ ಮಾತು. ತರಬೇತಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಲಿಸುವುದು ಅದನ್ನೇ. ಮೊದಲ ತಟ್ಟೆ ಎಡಗೈಯಲ್ಲಿ: ಹೆಬ್ಬೆರಳು ಅಂಚಿನ ಮೇಲೆ, ತೋರುಬೆರಳು ಮತ್ತು ನಡುಬೆರಳು ತಳಕ್ಕೆ. ಫೋರ್ಕನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅದರ ಬಾಗಿದ ಬೆನ್ನಿನಡಿ ಚಾಕುವಿನ ಅಲಗನ್ನು ತೂರಿಸಬೇಕು. ಇಲ್ಲದಿದ್ದರೆ ಚಾಕು ಜಾರಿ ಅತಿಥಿಯ ತೊಡೆಗೆ ಬೀಳುತ್ತದೆ. ಎರಡನೆಯ ತಟ್ಟೆ ಮುಂಗೈ ಮತ್ತು ಎದ್ದುನಿಂತ ಉಂಗುರಬೆರಳು, ಕಿರುಬೆರಳುಗಳ ಮೇಲೆ ಕೂರುತ್ತದೆ. ಉಳಿದದ್ದನ್ನು ಮೇಲಿನ ತಟ್ಟೆಯಿಂದ ಕೆಳಗಿನದಕ್ಕೆ ತಳ್ಳುವಾಗ ಅತಿಥಿಗೆ ಕಾಣದಂತೆ ಮೈ ತಿರುಗಿಸಿಕೊಂಡಿರಬೇಕು, ಸದ್ದಾಗಬಾರದು. ಇದಿಷ್ಟೂ ಆರೆಂಟು ಸೆಕೆಂಡಿನಲ್ಲಿ ಮುಗಿಯಬೇಕು. ಎರಡು–ಮೂರು ತಿಂಗಳು ಕಳೆದ ಮೇಲೆ ಎಂಜಲು ಎನ್ನುವ ಭಾವನೆ ತಾನಾಗಿಯೇ ಹಿಂದೆ ಸರಿದು, ತಟ್ಟೆಯಲ್ಲಿ ಏನು ಉಳಿದಿದೆ ಎಂಬುದು ಕಣ್ಣಿಗೆ ಬೀಳತೊಡಗುತ್ತದೆ. ಒಂದೇ ಸಂಜೆ ಮೂರು ಮೇಜಿನಲ್ಲಿ ಮೀನು ಅರ್ಧ ಉಳಿದಿದ್ದರೆ ಅದನ್ನು ಅಡುಗೆಮನೆಗೆ ತಿಳಿಸಬೇಕಾದವರು ನೀವು. ಒಳ್ಳೆಯ ಶೆಫ್ ಆ ಮಾತಿಗೆ ಕಾದಿರುತ್ತಾರೆ.

ಹೆಸರಿನ ಬಗ್ಗೆ ಎರಡು ಮಾತು. ಉಡುಪಿ ಹೋಟೆಲುಗಳಲ್ಲಿ ಈ ಕೆಲಸಕ್ಕೆ ಮಾಣಿ ಎನ್ನುತ್ತಿದ್ದರು, ಊರಿನ ಹೋಟೆಲುಗಳಲ್ಲಿ ಸಪ್ಲೈಯರ್. ನಿಮ್ಮ ನೇಮಕಾತಿ ಪತ್ರದಲ್ಲಿ ಗೆಸ್ಟ್ ಸರ್ವಿಸ್ ಅಸೋಸಿಯೇಟ್ ಎಂದು ಬರೆದಿರಬಹುದು, ಒಳಗೆ ಸ್ಟೀವರ್ಡ್ ಎಂದು ಕರೆಯಬಹುದು. ಯಾವುದಾದರೂ ಒಂದೇ. ಕೆಲಸ ಕಲಿಯುವವರೆಗೆ ಹೆಸರಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ದಿನ ಹೇಗಿರುತ್ತದೆ? ಸಂಜೆ ಏಳಕ್ಕೆ ಬಾಗಿಲು ತೆರೆಯುವ ರೆಸ್ಟೋರೆಂಟಿನಲ್ಲಿ ನಿಮ್ಮ ಕೆಲಸ ಮಧ್ಯಾಹ್ನ ಮೂರಕ್ಕೇ ಶುರು. ಬಿಸಿನೀರಿಗೆ ಸ್ವಲ್ಪ ವಿನೆಗರ್ ಹಾಕಿ ಚಮಚ, ಫೋರ್ಕುಗಳನ್ನು ಒರೆಸಬೇಕು. ಗ್ಲಾಸನ್ನು ಬಿಸಿನೀರಿನ ಹಬೆಗೆ ಹಿಡಿದು, ನೂಲು ಬಿಡದ ಬಟ್ಟೆಯಿಂದ ಉಜ್ಜಿ, ದೀಪಕ್ಕೆ ಎತ್ತಿ ನೋಡಬೇಕು. ಬೆರಳಿನ ಒಂದು ಗುರುತು ಉಳಿದರೂ ಮತ್ತೆ ಮೊದಲಿನಿಂದ. ಮೇಜಿನ ಅಂಚಿನಿಂದ ತಟ್ಟೆ, ಚಾಕುಗಳು ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಒಳಗೆ, ಎಲ್ಲ ಮೇಜಿನಲ್ಲೂ ಒಂದೇ ಸಾಲಿನಲ್ಲಿ. ಐದೂವರೆ, ಆರರ ಹೊತ್ತಿಗೆ ಸಿಬ್ಬಂದಿಯ ಕ್ಯಾಂಟೀನಿನಲ್ಲಿ ಊಟ. ಅದನ್ನು ತಪ್ಪಿಸಬೇಡಿ, ಆಮೇಲೆ ನಡುರಾತ್ರಿಯವರೆಗೆ ಸಿಗುವುದಿಲ್ಲ. ಎದುರಿಗೆ ಇಡೀ ಸಂಜೆ ಆಹಾರದ ಪರಿಮಳ ಇದ್ದಾಗ ಹಸಿದ ಹೊಟ್ಟೆಯಲ್ಲಿ ನಗುಮುಖ ಉಳಿಯುವುದಿಲ್ಲ. ಆರೂವರೆಗೆ ಬ್ರೀಫಿಂಗ್: ಇವತ್ತು ಯಾರು ಬರುತ್ತಿದ್ದಾರೆ, ಯಾವುದು ಖಾಲಿಯಾಗಿದೆ, ಯಾರಿಗೆ ಯಾವ ಅಲರ್ಜಿ. ಈ ಕೊನೆಯ ಮಾತನ್ನು ಕಿವಿಗೊಟ್ಟು ಕೇಳಿ. ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಅಥವಾ ಹೆಚ್ಚು ಶಾಖೆಗಳಿರುವ ರೆಸ್ಟೋರೆಂಟುಗಳು ಮೆನುವಿನಲ್ಲಿ ಅಲರ್ಜಿಯ ವಿವರ ಕೊಡಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2022ರ ಜುಲೈಯಿಂದ ಜಾರಿಯಲ್ಲಿದೆ. ಆದರೆ ಬಂದವರು ಮೆನುವಿನ ಸಣ್ಣ ಅಕ್ಷರ ಓದುವುದಿಲ್ಲ, ನಿಮ್ಮನ್ನು ಕೇಳುತ್ತಾರೆ. ಕಡಲೆಕಾಯಿ, ಗೋಡಂಬಿ, ಸೀಗಡಿ, ಹಾಲು, ಗೋಧಿ — ಯಾವ ಭಕ್ಷ್ಯದಲ್ಲಿ ಯಾವುದಿದೆ ಎಂಬುದು ಖಚಿತವಿಲ್ಲದಿದ್ದರೆ ‘ಕೇಳಿ ಬಂದು ಹೇಳುತ್ತೇನೆ’ ಎನ್ನಿ. ಊಹಿಸಿ ಹೇಳಿದರೆ ಒಬ್ಬರ ಉಸಿರೇ ಕಟ್ಟಬಹುದು.

ನಿಮ್ಮ ಮೊದಲ ವಾರ ಟ್ರೇ ಜೊತೆ ಕಳೆಯುತ್ತದೆ. ಎಡ ಅಂಗೈ ಮತ್ತು ಬಿಡಿಸಿದ ಬೆರಳುಗಳ ಮೇಲೆ ಗುಂಡು ಟ್ರೇ, ಭಾರದ್ದೆಲ್ಲ ನಡುವಿಗೆ. ನಾನು ಸೇರಿದ ಹೊಸದರಲ್ಲಿ ಆರು ಗ್ಲಾಸು ನೀರು ಹೊತ್ತುಕೊಂಡು ಹೋಗಿ, ಒಂದೇ ಬದಿಯಿಂದ ಮೂರನ್ನು ತೆಗೆದಿಟ್ಟೆ. ತೂಕ ಇನ್ನೊಂದು ಬದಿಗೆ ವಾಲಿತು. ಉಳಿದ ಮೂರು ಗ್ಲಾಸುಗಳು ಮೈಸೂರು ರೇಷ್ಮೆ ಸೀರೆ ಉಟ್ಟು ಕೂತಿದ್ದ ಹಿರಿಯರೊಬ್ಬರ ಮಡಿಲಿಗೆ ಸುರಿದವು. ಕೈಕಾಲು ಮರಗಟ್ಟಿದಂತಾಯಿತು. ಅವರು ಸೆರಗು ಹಿಂಡಿಕೊಳ್ಳುತ್ತ ‘ನೀರು ತಾನೇ, ಸಾರಲ್ಲವಲ್ಲ’ ಎಂದರು. ಅಂದಿನಿಂದ ಇಂದಿನವರೆಗೆ ಟ್ರೇ ಕಲಿಸುವಾಗ ಮೊದಲು ಹೇಳುವುದು: ಇತ್ತ ಒಂದು ತೆಗೆದರೆ ಅತ್ತ ಒಂದು ತೆಗೆಯಿರಿ. ಮನೆಯಲ್ಲೇ ಸ್ಟೀಲ್ ತಟ್ಟೆಯ ಮೇಲೆ ಲೋಟಗಳಿಗೆ ನೀರು ತುಂಬಿಸಿಕೊಂಡು ಅಂಗಳದಲ್ಲಿ ನಡೆದು ಅಭ್ಯಾಸ ಮಾಡಿ. ಅಜ್ಜಿಯೂ ನೋಡಲಿ.

ಇದೆಲ್ಲ ಕೈಯ ಕೆಲಸ, ಮೂರು ತಿಂಗಳಿನಲ್ಲಿ ಬರುತ್ತದೆ. ಬೆಲೆ ಬಾಳುವ ರೆಸ್ಟೋರೆಂಟು ನಿಮ್ಮಿಂದ ನಿಜವಾಗಿ ಬಯಸುವುದು ಕಣ್ಣಿನ ಕೆಲಸವನ್ನು. ಒಂದು ಉದಾಹರಣೆ. ಮೇಜಿನಲ್ಲಿ ಕೂತವರಿಗೆ ಒಂದು ಗೊತ್ತಾದ ಜಾಗದಿಂದ ಪ್ರದಕ್ಷಿಣೆಯಾಗಿ ಒಂದು, ಎರಡು, ಮೂರು ಎಂದು ನಂಬರು ಕೊಟ್ಟಿರುತ್ತಾರೆ. ಆರ್ಡರ್ ಚೀಟಿ, ಎಂದರೆ ಕೆಒಟಿ, ಆ ನಂಬರಿನ ಪ್ರಕಾರವೇ ಅಡುಗೆಮನೆಗೆ ಹೋಗುತ್ತದೆ. ಅಡುಗೆಮನೆಯಿಂದ ಯಾರೇ ತಂದರೂ ‘ಚಿಕನ್ ಯಾರಿಗೆ?’ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಕೂತವರು ಮಾತಿನಲ್ಲಿ ಮುಳುಗಿದ್ದಾಗಲೇ ಅವರವರ ಊಟ ಅವರವರ ಮುಂದೆ ಬಂದಿರುತ್ತದೆ.

ಮೆನುವನ್ನು ಒಬ್ಬರು ಕೈ ಚಾಚಿ ದೂರ ಹಿಡಿದಿದ್ದಾರೆ ಎಂದರೆ ಕನ್ನಡಕ ಮರೆತು ಬಂದಿದ್ದಾರೆ. ಕೆಲವು ಕಡೆ ಓದುವ ಕನ್ನಡಕಗಳನ್ನು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಅವರು ಕೇಳುವ ಮೊದಲೇ ತಂದುಕೊಡಿ. ಮಗಳ ಮೊದಲ ಸಂಬಳವೋ, ಮದುವೆಯ ವಾರ್ಷಿಕೋತ್ಸವವೋ, ಜೀವಮಾನದಲ್ಲಿ ಒಮ್ಮೆ ಇಂಥ ಜಾಗಕ್ಕೆ ಬಂದ ಕುಟುಂಬಗಳಿರುತ್ತವೆ. ಅಪ್ಪ ಭಕ್ಷ್ಯಗಳ ಹೆಸರು ಬಿಟ್ಟು ಬಲಬದಿಯ ಬೆಲೆಗಳ ಮೇಲೆಯೇ ಕಣ್ಣಾಡಿಸುತ್ತಿರುತ್ತಾನೆ, ಹಣೆ ಬೆವರುತ್ತಿರುತ್ತದೆ. ಆಗ ನೀವು ಬಗ್ಗಿ ಹೇಳಬೇಕಾದ ಮಾತು, ‘ಸರ್, ಇಲ್ಲಿ ಪ್ರಮಾಣ ಜಾಸ್ತಿ, ನಾಲ್ವರಿಗೆ ಎರಡು ಸಾಕಾಗುತ್ತದೆ. ಮೊದಲು ಅಷ್ಟು ತರುತ್ತೇನೆ.’ ಆತನ ಭುಜ ಸಡಿಲವಾಗುವುದು ಕಾಣುತ್ತದೆ. ದುಬಾರಿ ಭಕ್ಷ್ಯವನ್ನೇ ಹೇಳಿ ಬಿಲ್ ಏರಿಸಿ ಎಂದು ಒತ್ತಾಯಿಸುವ ಮೇಲಧಿಕಾರಿಗಳೂ ನಿಮಗೆ ಸಿಗುತ್ತಾರೆ. ಮಾರಾಟ ಈ ಕೆಲಸದ ಭಾಗ, ತಪ್ಪೇನಿಲ್ಲ; ಕಂಪನಿಯ ಖರ್ಚಿನಲ್ಲಿ ಬಂದವರ ಮುಂದೆ ಧಾರಾಳವಾಗಿ ಮಾಡಿ. ಆ ಅಪ್ಪನ ಮುಂದೆ ಮಾಡಬೇಡಿ. ‘ಬಡಿಸುವವರು ನಮ್ಮವರಾದರೆ ಯಾವ ಪಂಕ್ತಿಯಲ್ಲಿ ಕೂತರೇನು’ ಎನ್ನುತ್ತೇವಲ್ಲ, ಆ ಮೇಜಿಗೆ ನಮ್ಮವರು ನೀವೇ.

ಇಂಗ್ಲಿಷ್ ಬಗ್ಗೆ ನಿಮಗಿರುವಷ್ಟು ಹೆದರಿಕೆ ನನಗಿಲ್ಲ. ಬಡಿಸುವವರಿಗೆ ಬೇಕಾದ ಇಂಗ್ಲಿಷ್ ನೂರೈವತ್ತು, ಇನ್ನೂರು ವಾಕ್ಯದ್ದು. ಸ್ವಾಗತ, ಭಕ್ಷ್ಯದ ವಿವರಣೆ, ಕ್ಷಮೆ, ಬಿಲ್ಲು — ಇವೇ ತಿರುಗಾಮುರುಗಾ ಬರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಿ. ಕಷ್ಟ ಇರುವುದು ಮೆನುವಿನ ಫ್ರೆಂಚ್, ಇಟಾಲಿಯನ್ ಹೆಸರುಗಳಲ್ಲಿ: ಬ್ರುಸ್ಕೆಟ್ಟಾ ಎಂದು ಹೇಳಬೇಕು, ಬ್ರುಶೆಟ್ಟಾ ಅಲ್ಲ, ಪಿನೋ ನ್ವಾರ್ ಎಂಬ ವೈನಿನ ಹೆಸರಿನಲ್ಲಿ ‘ಪಿನೋ’ದ ಕೊನೆಗೆ ಬರೆಯುವ ‘ಟಿ’ ಅಕ್ಷರ ನುಂಗಿ ಹೋಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರೂ ಇವುಗಳನ್ನು ಹೊಸದಾಗಿಯೇ ಕಲಿಯಬೇಕು, ಅಲ್ಲಿ ನೀವಿಬ್ಬರೂ ಸಮ. ಕನ್ನಡವನ್ನು ಬಚ್ಚಿಡಬೇಡಿ. 1990ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ ಶುರುವಾದ ‘ಕರಾವಳಿ’ ರೆಸ್ಟೋರೆಂಟು ನಮ್ಮ ತೀರದ ಮನೆಯಡುಗೆಯನ್ನೇ ಪಂಚತಾರಾ ಹೋಟೆಲಿನ ಮೇಜಿಗೆ ತಂದು ಹೆಸರು ಮಾಡಿತು. ಅದರ ಅಡುಗೆಮನೆಯನ್ನು ದೀರ್ಘಕಾಲ ನಡೆಸಿದ ಶೆಫ್ ನರೇನ್ ತಿಮ್ಮಯ್ಯ ಕೊಡಗಿನವರು. ಕೋರಿ ಗಸ್ಸಿಗೂ ನೀರುದೋಸೆಗೂ ಏಕೆ ಜೋಡಿ, ಅಕ್ಕಿರೊಟ್ಟಿ ಬಿಸಿಯಾಗಿಯೇ ಏಕೆ ತಿನ್ನಬೇಕು ಎಂಬುದನ್ನು ತಿಂದು ಬೆಳೆದವರು ಹೇಳುವಂತೆ ಬಾಯಿಪಾಠ ಮಾಡಿದವರು ಹೇಳಲಾರರು.

ಈಗ ಅಮ್ಮನ ಭಯಗಳು. ಮೊದಲು ಮದ್ಯ. ಬಡಿಸುವ ಕೆಲಸದಲ್ಲಿ ವೈನ್, ವಿಸ್ಕಿ ಕೊಡುವುದು ತಪ್ಪುವುದಿಲ್ಲ. ಮನಸ್ಸಿಗೆ ಒಗ್ಗದಿದ್ದರೆ ಸೇರುವ ಮೊದಲೇ ಹೇಳಿ, ಬೆಳಗಿನ ತಿಂಡಿಯ ವಿಭಾಗ, ಬೇಕರಿ, ಕಾಫಿ ಶಾಪ್ ಇವೆ. ಹೆಣ್ಣುಮಕ್ಕಳು ಇದನ್ನು ಮಾಡಬಾರದು ಎನ್ನುವವರು ಮನೆಯಲ್ಲಷ್ಟೇ ಇರಲಿಲ್ಲ, ಕಾನೂನಿನಲ್ಲೂ ಇದ್ದರು. ಸಾರ್ವಜನಿಕರು ಮದ್ಯ ಸೇವಿಸುವ ಜಾಗದಲ್ಲಿ ಮಹಿಳೆಯರನ್ನು ನೇಮಿಸಿಕೊಳ್ಳುವುದನ್ನು 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಂ ನಿಷೇಧಿಸಿತ್ತು, ಅದು ದೆಹಲಿಗೂ ಅನ್ವಯವಾಗುತ್ತಿತ್ತು. 2007ರ ಡಿಸೆಂಬರಿನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಅಸಾಂವಿಧಾನಿಕ ಎಂದಿತು. ರಕ್ಷಣೆಯ ಹೆಸರಿನಲ್ಲಿ ಹೆಣ್ಣನ್ನು ಕೆಲಸದಿಂದ ಹೊರಗಿಡುವ ಬದಲು ಕೆಲಸದ ಜಾಗವನ್ನು ಸುರಕ್ಷಿತಗೊಳಿಸಬೇಕು ಎಂಬುದು ಆ ತೀರ್ಪಿನ ತಿರುಳು. ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ.

ಕೆಲಸವಾಗಿ ನೋಡಿದರೆ ಮದ್ಯ ಬಡಿಸುವುದು ಅಳತೆ ಮತ್ತು ಎಚ್ಚರದ ವಿಷಯ. ವೈನ್ ಬಾಟಲಿಯ ಲೇಬಲ್ಲನ್ನು ತರಿಸಿದವರಿಗೆ ಬಲಬದಿಯಿಂದ ತೋರಿಸಿ, ಅವರೆದುರೇ ತೆರೆದು, ಮೊದಲು ಅವರಿಗೆ ಒಂದು ಗುಟುಕು. ಅವರು ಸರಿ ಎಂದ ಮೇಲೆ ಉಳಿದವರಿಗೆ, ಕೊನೆಗೆ ಮತ್ತೆ ಅವರಿಗೆ. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಗ್ಲಾಸು ಬರುತ್ತದೆ. ನಮ್ಮಲ್ಲಿ 21 ವರ್ಷ ತುಂಬದವರಿಗೆ ಕೊಡುವಂತಿಲ್ಲ, ಅನುಮಾನ ಬಂದರೆ ಬಡಿಸುವವರ ಮೇಲ್ವಿಚಾರಕರಾದ ಕ್ಯಾಪ್ಟನ್‌ಗೆ ಹೇಳಿ ಗುರುತಿನ ಚೀಟಿ ಕೇಳಿಸಿ. ಮಾತು ತೊದಲುತ್ತಿರುವವರ ಮೇಜಿಗೆ ನೀರು ಬೇಗ, ಮುಂದಿನ ಪೆಗ್ ನಿಧಾನ.

ಎರಡನೆಯದು, ಅಮ್ಮ ಬಾಯಿಬಿಟ್ಟು ಹೇಳಿರಲಾರದ ಭಯ. ಯಾರಾದರೂ ಮೈಮುಟ್ಟಿದರೆ? ಆಗುತ್ತದೆ ಎಂದೇ ತಿಳಿದುಕೊಂಡು ಹೋಗಿ. ನನ್ನ ಎರಡನೆಯ ವರ್ಷದಲ್ಲಿ, ನೀರು ಹಾಕುತ್ತಿದ್ದಾಗ ಒಬ್ಬ ಅತಿಥಿ ಮಣಿಕಟ್ಟು ಹಿಡಿದು ಬಿಡಲಿಲ್ಲ. ಮ್ಯಾನೇಜರಿಗೆ ಹೇಳಿದರೆ ‘ದೊಡ್ಡ ಗಿರಾಕಿ, ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದರು. ಆ ತಿಂಗಳ ಕೊನೆಗೆ ಆ ಜಾಗ ಬಿಟ್ಟೆ. ಮುಂದಿನ ಜಾಗದಲ್ಲಿ ಅಂಥದೇ ಘಟನೆ ನಡೆದಾಗ ಕ್ಯಾಪ್ಟನ್ ನನ್ನ ಕೈಯಿಂದ ನೀರಿನ ಜಗ್ಗನ್ನು ತೆಗೆದುಕೊಂಡು, ನನಗೂ ಆ ಮೇಜಿಗೂ ನಡುವೆ ನಿಂತು, ‘ಇನ್ನು ಮುಂದೆ ನಿಮ್ಮ ಮೇಜನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರು. ದನಿ ಏರಲಿಲ್ಲ. ಆ ರಾತ್ರಿಯೇ ಲಾಗ್‌ಬುಕ್ಕಿನಲ್ಲಿ ಮೇಜಿನ ನಂಬರು, ಗಂಟೆ, ನಡೆದದ್ದು ಎಲ್ಲವನ್ನೂ ಬರೆಸಿದರು. ಎರಡೂ ದುಬಾರಿ ಜಾಗಗಳೇ, ಮೇಜುಬಟ್ಟೆ ಒಂದೇ ಬಿಳುಪು. ವ್ಯತ್ಯಾಸ ಇದ್ದದ್ದು ಆ ಒಬ್ಬರು ಎಲ್ಲಿ ನಿಂತರು ಎಂಬುದರಲ್ಲಿ.

ಈಗ ನಿಮ್ಮ ಕೈಯಲ್ಲಿ ಅಂದು ನನಗಿಲ್ಲದ ಕಾನೂನಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಸಂಸ್ಥೆಯ ಹಿರಿಯ ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಇರಲೇಬೇಕು. ದೂರು ಮೂರು ತಿಂಗಳೊಳಗೆ, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಹೋದ್ಯೋಗಿಗಳಿಂದ ಮಾತ್ರವಲ್ಲ, ಕೆಲಸದ ಜಾಗದಲ್ಲಿ ಎದುರಾಗುವ ಹೊರಗಿನವರಿಂದಲೂ ಸುರಕ್ಷತೆ ಒದಗಿಸುವುದು ಮಾಲೀಕರ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ. ಅತಿಥಿ ಆ ಹೊರಗಿನವರಲ್ಲಿ ಸೇರುತ್ತಾನೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಎಚ್‌ಆರ್ ವಿಭಾಗದವರನ್ನು ಮೊದಲ ದಿನವೇ ಕೇಳಿ. ಹೆಸರು ಥಟ್ಟನೆ ಹೇಳಿದರೆ ಒಳ್ಳೆಯ ಲಕ್ಷಣ. ‘ಅಂಥದ್ದೆಲ್ಲ ನಮ್ಮಲ್ಲಿ ಆಗುವುದಿಲ್ಲ’ ಎಂದು ನಕ್ಕರೆ ಹುಷಾರಾಗಿರಿ.

ಮೂರನೆಯದು ರಾತ್ರಿ. ಬೆಂಗಳೂರಿನಲ್ಲಿ ಮದ್ಯ ಕೊಡುವ ರೆಸ್ಟೋರೆಂಟುಗಳು ಒಂದು ಗಂಟೆಯವರೆಗೂ ತೆರೆದಿರಬಹುದು, ಮೆಟ್ರೊದ ಕೊನೆಯ ರೈಲು ಹನ್ನೊಂದರ ಸುಮಾರಿಗೆ. ಕೊನೆಯ ಮೇಜು ಎದ್ದ ಮೇಲೂ ಮುಕ್ಕಾಲು ಗಂಟೆ ಕೆಲಸವಿರುತ್ತದೆ. ಹಾಗಾಗಿ ಈ ಕೆಲಸದ ಬಹಳ ದೊಡ್ಡ ಪ್ರಶ್ನೆ ಹನ್ನೆರಡೂವರೆಗೆ ನಿಮ್ಮನ್ನು ಪಿಜಿಯ ಬಾಗಿಲಿಗೆ ಯಾರು ತಲುಪಿಸುತ್ತಾರೆ ಎಂಬುದು. ಕರ್ನಾಟಕದಲ್ಲಿ ರಾತ್ರಿ ಎಂಟರ ನಂತರ ಮಹಿಳೆಯನ್ನು ದುಡಿಸಿಕೊಳ್ಳಬೇಕಾದರೆ ಅವಳ ಲಿಖಿತ ಒಪ್ಪಿಗೆ ಪಡೆಯಬೇಕು, ವಾಹನದ ವ್ಯವಸ್ಥೆ ಮಾಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳೂ ರಾತ್ರಿ ಕೆಲಸಕ್ಕೆ ಒಪ್ಪಿಗೆ ಬೇಕೆನ್ನುತ್ತವೆ, ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವಾಹನದ ಮಾತು ಅದರಲ್ಲಿ ಬರಹದಲ್ಲಿದೆಯೇ ನೋಡಿ. ಮುಖ್ಯರಸ್ತೆಯವರೆಗೆ ಬಿಟ್ಟರೆ ಸಾಲದು. ಪ್ರತಿ ರಾತ್ರಿ ನಿಮ್ಮ ದುಡ್ಡಿನಲ್ಲಿ ಆಟೊ ಎಂದಾದರೆ ಸಂಬಳದ ಲೆಕ್ಕವೇ ತಲೆಕೆಳಗಾಗುತ್ತದೆ.

ಕೆಲಸದ ಅವಧಿ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಮೀರಿದ ಗಂಟೆಗೆ ಎರಡು ಪಟ್ಟು ಕೂಲಿ. ನಮ್ಮ ಕ್ಷೇತ್ರ ಇದನ್ನು ಮೀರುವುದರಲ್ಲಿ ಕುಖ್ಯಾತ, ಅದನ್ನು ನಾನು ಮುಚ್ಚಿಡುವುದಿಲ್ಲ. ಬ್ರೇಕ್ ಶಿಫ್ಟ್ ಎಂಬುದೊಂದಿದೆ: ಹನ್ನೊಂದರಿಂದ ಮೂರು, ಮತ್ತೆ ಏಳರಿಂದ ಹನ್ನೆರಡು. ಕಾಗದದ ಮೇಲೆ ಒಂಬತ್ತು ಗಂಟೆ, ಬದುಕಿನಲ್ಲಿ ಇಡೀ ದಿನ. ವಾರಕ್ಕೆ ಎಷ್ಟು ಬಾರಿ ಎಂದು ಕೇಳಿ, ನಡುವಿನ ನಾಲ್ಕು ಗಂಟೆ ಕಾಲು ಚಾಚಿ ಮಲಗಲು ಹೆಣ್ಣುಮಕ್ಕಳಿಗೆ ಕೋಣೆ ಇದೆಯೇ ಎಂದೂ ಕೇಳಿ. ನಿಂತೇ ಮಾಡುವ ಕೆಲಸವಿದು. ಅರ್ಧ ಸೈಜು ದೊಡ್ಡ, ಜಾರದ ಅಟ್ಟೆಯ ಶೂ ಕೊಳ್ಳಿ, ಸಂಜೆ ಪಾದ ಊದಿಕೊಂಡಾಗ ಹಾಕಿ ನೋಡಿಯೇ ಕೊಳ್ಳಿ. ತಿಂಗಳಿಗೆ ಒಂದು ದಿನ ವೇತನ ಸಹಿತ ಋತುಚಕ್ರ ರಜೆ ಕೊಡಬೇಕೆಂದು ರಾಜ್ಯ ಸರ್ಕಾರ 2025ರ ನವೆಂಬರಿನಲ್ಲಿ ಆದೇಶಿಸಿದೆ. ಅದು ನ್ಯಾಯಾಲಯದ ಮೆಟ್ಟಿಲೇರಿತು. ನಿಮ್ಮ ಹೋಟೆಲಿನಲ್ಲಿ ಪದ್ಧತಿ ಹೇಗಿದೆ ಎಂದು ಸಂಕೋಚವಿಲ್ಲದೆ ವಿಚಾರಿಸಿ.

ದುಡ್ಡು. ಒಟ್ಟು 20,000ದಲ್ಲಿ ಮೂಲವೇತನ 12,000 ಎಂದಿಟ್ಟುಕೊಂಡರೆ ಭವಿಷ್ಯ ನಿಧಿಗೆ ಅದರ ಶೇ 12, ಎಂದರೆ 1,440 ರೂಪಾಯಿ ಹೋಗುತ್ತದೆ. ತಿಂಗಳ ವೇತನ 21,000 ಮೀರದವರು ನೌಕರರ ರಾಜ್ಯ ವಿಮೆ, ಎಂದರೆ ಇಎಸ್‌ಐ ವ್ಯಾಪ್ತಿಗೆ ಬರುವುದರಿಂದ ಶೇ 0.75ರಂತೆ 150 ರೂಪಾಯಿ. ಕೈಗೆ 18,410. ಭವಿಷ್ಯ ನಿಧಿಗೆ ಮಾಲೀಕರ ಪಾಲೂ ಸೇರುತ್ತದೆ, ಇಎಸ್‌ಐಗೆ ಅವರು ಶೇ 3.25 ಕಟ್ಟುತ್ತಾರೆ, ನಿಮಗೆ ಕಾಯಿಲೆಯಾದರೆ ಚಿಕಿತ್ಸೆ ಅದರಿಂದ ಸಿಗುತ್ತದೆ. ಈ ಎರಡು ಕಡಿತ ಪೇಸ್ಲಿಪ್ಪಿನಲ್ಲಿ ಕಾಣದಿದ್ದರೆ ಲಾಭವಾಯಿತು ಎಂದುಕೊಳ್ಳಬೇಡಿ.

ಉಳಿದದ್ದು ಟಿಪ್ಸ್. ಮೊದಲು ಸೇವಾಶುಲ್ಕ ಬಿಲ್ಲಿನಲ್ಲೇ ಬಂದುಬಿಡುತ್ತಿತ್ತು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅತಿಥಿ ಮನಸ್ಸಿದ್ದರೆ ಕೊಡಬಹುದು. ಕೊಠಡಿ ಬಾಡಿಗೆ 7,500 ರೂಪಾಯಿ ಮೀರಿದ ಹೋಟೆಲುಗಳ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 18. ಹೊರಗೆ ಶೇ 5 ಕೊಟ್ಟು ಅಭ್ಯಾಸವಿರುವವರು ಬಿಲ್ ನೋಡಿ ನಿಮ್ಮನ್ನೇ ಕೇಳುತ್ತಾರೆ, ಯಾವುದು ಸರ್ಕಾರದ್ದು, ಯಾವುದು ಹೋಟೆಲಿನದು ಎಂದು ಸ್ಪಷ್ಟವಾಗಿ ಹೇಳಲು ಬರಬೇಕು. ಟಿಪ್ಸನ್ನು ಒಟ್ಟುಹಾಕಿ ಹಂಚುವ ಪದ್ಧತಿ ನ್ಯಾಯವಾದದ್ದು, ಪಾತ್ರೆ ತೊಳೆಯುವವರಿಗೂ ಪಾಲು ಸಿಗಬೇಕು. ಆದರೆ ಹಂಚಿಕೆಯ ಹಾಳೆ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಬೇಕು. ನಾನು ಕಂಡ ಜಗಳಗಳಲ್ಲಿ ಬಹುಪಾಲು ಶುರುವಾದದ್ದು ಈ ಹಾಳೆ ಮ್ಯಾನೇಜರ್ ಡ್ರಾಯರಿನಲ್ಲಿದ್ದ ಕಡೆಗಳಲ್ಲಿ.

ಮುಂದೇನು ಎಂದರೆ, ಎರಡು–ಮೂರು ವರ್ಷದಲ್ಲಿ ಕ್ಯಾಪ್ಟನ್, ಆಮೇಲೆ ರೆಸ್ಟೋರೆಂಟಿನ ಮ್ಯಾನೇಜರ್. ವೈನ್ ಬಗ್ಗೆ ಆಸಕ್ತಿ ಹುಟ್ಟಿದರೆ ಲಂಡನ್ನಿನ ಡಬ್ಲ್ಯುಎಸ್‌ಇಟಿ ಸಂಸ್ಥೆಯ ಪರೀಕ್ಷೆಗಳಿವೆ, ಇಲ್ಲೇ ಬರೆಯಬಹುದು. ಕೊಲ್ಲಿ ದೇಶಕ್ಕೋ ಹಡಗಿಗೋ ಹೋಗುವ ಮನಸ್ಸು ಖಂಡಿತ ಬರುತ್ತದೆ. ಕೊಲ್ಲಿಗೆ ಹೋಗುವುದಾದರೆ ಕೇಂದ್ರ ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ನೋಂದಣಿಯಾದ ಏಜೆಂಟರ ಮೂಲಕವೇ ಹೋಗಿ. ಅವರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ಹೋಗಲೇ ಎಂದು ಕೇಳಿದ್ದೀರಿ. ಈ ಕೆಲಸಕ್ಕೆ ಹೋಗಿ ಎಂದು ಧೈರ್ಯವಾಗಿ ಹೇಳುತ್ತೇನೆ. ಈ ಹೋಟೆಲಿಗೇ ಹೋಗಬೇಕೇ ಎಂಬುದನ್ನು ಮಾತ್ರ ನೀವೇ ನೋಡಿ ತೀರ್ಮಾನಿಸಬೇಕು, ಅದಕ್ಕೆ ಒಂದು ರಾತ್ರಿ ಸಾಕು. ಮುಂದಿನ ಶನಿವಾರ ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡು ಬೆಂಗಳೂರಿಗೆ ಬನ್ನಿ. ದೀಪ ಹಾಕಿ ಅಲಂಕರಿಸಿದ ಮುಂಬಾಗಿಲು ನೋಡಬೇಡಿ. ಹನ್ನೊಂದೂವರೆಯ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ, ಸಿಬ್ಬಂದಿ ಹೊರಬರುವ ಗೇಟಿನ ಎದುರು ನಿಲ್ಲಿ. ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಗಾಡಿ ಹತ್ತುತ್ತಾರೋ, ಮೊಬೈಲ್ ಹಿಡಿದು ಆಟೊಗಾಗಿ ಕಾಯುತ್ತ ರಸ್ತೆಯ ಅಂಚಿನಲ್ಲಿ ನಿಲ್ಲುತ್ತಾರೋ ನೋಡಿ. ಗೇಟಿನ ಕಾವಲುಗಾರ ಗಾಡಿಯ ನಂಬರು ಬರೆದುಕೊಳ್ಳುತ್ತಾನೆಯೇ ಗಮನಿಸಿ. ಹುಡುಗಿಯರಲ್ಲಿ ಒಬ್ಬಳನ್ನು ನೀವೇ ಮಾತನಾಡಿಸಿ, ಇಲ್ಲಿ ಎಷ್ಟು ವರ್ಷವಾಯಿತು, ಇವತ್ತು ಎಷ್ಟು ಗಂಟೆಗೆ ಊಟ ಮಾಡಿದಿರಿ ಎಂದು ಕೇಳಿ. ಅವಳು ಉತ್ತರ ಕೊಡುವಾಗ ಅಮ್ಮ ಪಕ್ಕದಲ್ಲಿರಲಿ.